ಒಂದು ನಾಣ್ಯದ ಸಂಬಂಧ

ನಾನು ಕನ್ನಡಕದ ಅಂಗಡಿಯವನು. ಊರಿನ ಅರ್ಧ ಜನ ಲೋಕವನ್ನು ನೋಡುತ್ತಿರುವುದು ನಾನು ಕೂರಿಸಿಕೊಟ್ಟ ಗಾಜಿನ ಮೂಲಕ. ಬಸ್ಸಿನ ನಂಬರೇ ಕಾಣದವರು ನನ್ನಲ್ಲಿಗೆ ಬಂದು ಹೋದ ಮೇಲೆ ಕಂಡಕ್ಟರನ ಮೀಸೆಯಲ್ಲಿ ಎಷ್ಟು ನರೆ ಇದೆ ಎಂದು ಎಣಿಸಿ ಹೇಳುತ್ತಾರೆ. ಇಂಥ ನನ್ನನ್ನು ನನ್ನ ಹೆಂಡತಿ ಬಂದ ನೆಂಟರ ಮುಂದೆಲ್ಲ, "ಇವರಿಗೆ ಕಣ್ಣೆದುರಿಗೆ ಇರೋದೇ ಕಾಣಲ್ಲ" ಎನ್ನುತ್ತಾಳೆ. ನೆಂಟರು ನಗುತ್ತಾರೆ. ನಗುವವರಲ್ಲಿ ಮೂವರು ಹಾಕಿಕೊಂಡಿರುವುದು ನಾನು ಅರ್ಧ ಬೆಲೆಗೆ ಕೊಟ್ಟ ಕನ್ನಡಕ.

ಈ ಮಾತಿಗೆಲ್ಲ ಮೂಲ ಒಂದು ಸೋಫಾ. ಅಲ್ಲ, ಸೋಫಾ ಪಾಪ ಏನು ಮಾಡೀತು, ಮೂಲ ಒಂದು ಕಾರ್ಡು. ಅದೂ ಅಲ್ಲವೇನೋ, ಮೂಲ ಒಂದು ನಾಣ್ಯ. ನೋಡಿ, ನನಗೇ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ನಮ್ಮ ಮನೆಯಲ್ಲಿ ಒಂದು ಬೀರು ಇದೆ. ಅಂಗಡಿಯ ದಿನದ ಗಳಿಕೆಯೆಲ್ಲ ಸಂಜೆ ಹೋಗಿ ಅದರ ಹೊಟ್ಟೆ ಸೇರುತ್ತದೆ. ಅದರ ಬೀಗದ ಕೈ ಹಿಂದೆ ನನ್ನ ಜೇಬಿನಲ್ಲಿರುತ್ತಿತ್ತು. ಬೇಸಿಗೆಯಲ್ಲಿ ಕೊಡೆ ಅಗ್ಗ ಎಂದು ನಾನು ಸಗಟು ದರದಲ್ಲಿ ನಲವತ್ತು ಕೊಡೆ ತಂದ ದಿನ ಅದಕ್ಕೆ ನನ್ನ ಜೇಬಿನಿಂದ ಹೆಂಡತಿಯ ಸೊಂಟಕ್ಕೆ ವರ್ಗವಾಯಿತು. (ಕೊಡೆಗಳೇನೋ ಒಳ್ಳೆಯವೇ. ಇನ್ನೂ ಮೂವತ್ತು ಇವೆ. ಬೇಕಾದರೆ ಹೇಳಿ.) ಅಂದಿನಿಂದ, ಸ್ವಂತ ಅಂಗಡಿಯ ಮಾಲೀಕನಾದ ನಾನು ತಿಂಗಳಿಗೊಮ್ಮೆ ಕೈಖರ್ಚಿಗೆ ಕೈಯೊಡ್ಡಿ ನಿಲ್ಲಬೇಕು. ಕಟಿಂಗಿಗೆ ಎಂದರೆ ನನ್ನ ತಲೆಯನ್ನೊಮ್ಮೆ ನೋಡಿ, "ಹೋದ ತಿಂಗಳು ತಾನೇ ಮಾಡಿಸಿದ್ರಲ್ಲ, ಅಷ್ಟು ಬೇಗ ಎಲ್ಲಿ ಬೆಳೀತು?" ಎನ್ನುತ್ತಾಳೆ. ತಲೆಯಲ್ಲಿ ಹೇಳಿಕೊಳ್ಳುವಷ್ಟು ಇಲ್ಲ, ಒಪ್ಪಿದೆ. ಆದರೂ ಗಂಡಸಿನ ಮಾನ ಎನ್ನುವುದೊಂದು ಇದೆಯಲ್ಲ!

ಆ ಬೀಗದ ಕೈ ವಾಪಸು ನನ್ನ ಜೇಬಿಗೆ ಬರಬೇಕು. ನನ್ನ ಬಾಳಿನ ಏಕೈಕ ಗುರಿ ಅದಾಗಿತ್ತು.

ಇನ್ನು ಸೋಫಾ. ನಮ್ಮ ಹಳೆಯ ಸೋಫಾದ ನಡುವಿನ ಸ್ಪ್ರಿಂಗು ಎದ್ದು ಬಂದು, ಕೂತವರನ್ನು ಕೆಳಗಿನಿಂದ ವಿಚಾರಿಸಿಕೊಳ್ಳುತ್ತಿತ್ತು. ಅಮ್ಮನಂತೂ ಅದರ ಮೇಲೆ ಮಣೆ ಇಟ್ಟುಕೊಂಡು ಕೂರುತ್ತಿದ್ದಳು. ಹೊಸದು ತರೋಣವೆಂದು ಒಂದು ದಿನ ನಾನೂ ಹೆಂಡತಿಯೂ ಊರ ನಡುವಿನ ದೊಡ್ಡ ಅಂಗಡಿಗೆ ಹೋದೆವು. ನಾಲ್ಕು ಅಂತಸ್ತು. ಸೂಜಿಯಿಂದ ಮಂಚದವರೆಗೆ ಎಲ್ಲ ಅಲ್ಲೇ. ಮೂರನೆಯ ಅಂತಸ್ತಿನಲ್ಲಿ ಮೂವರು ಕೂರುವ ಹಸಿರು ಸೋಫಾದ ಮೇಲೆ ನನ್ನ ಹೆಂಡತಿ ಕೂತಳು. ಕೂತವಳು ಏಳಲಿಲ್ಲ. ಬೆಲೆಯ ಚೀಟಿ ಓದಿದ ಮೇಲೆ ಎದ್ದಳು.

"ಬೀರುನಲ್ಲಿ ಅಷ್ಟಿಲ್ಲ. ಬರೋ ವರ್ಷ ನೋಡೋಣ, ಬನ್ನಿ," ಎಂದಳು.

ಆಗ ಕುತ್ತಿಗೆಗೆ ಹಳದಿ ಸ್ಕಾರ್ಫು ಕಟ್ಟಿಕೊಂಡ ಒಬ್ಬ ಹುಡುಗಿ ಎಲ್ಲಿಂದಲೋ ಪ್ರತ್ಯಕ್ಷಳಾದಳು. "ಸರ್, ನಮ್ಮ ಅಂಗಡಿ ಕ್ರೆಡಿಟ್ ಕಾರ್ಡ್ ಮಾಡಿಸ್ಕೊಂಡ್ರೆ ಸೋಫಾ ಇವತ್ತೇ ತಗೊಂಡು ಹೋಗ್ಬಹುದು. ಹನ್ನೆರಡು ತಿಂಗಳು ಬಡ್ಡಿ ಇಲ್ಲ. ಇವತ್ತಿನ ಬಿಲ್ಲಿಗೆ ಹತ್ತು ಪರ್ಸೆಂಟ್ ಕಡಿಮೆ. ಪಾಯಿಂಟ್ಸ್ ಬೇರೆ ಬರುತ್ತೆ!"

"ಯಾಕೆ?" ಎಂದಳು ನನ್ನ ಹೆಂಡತಿ.

"ಏನು ಯಾಕೆ ಮೇಡಂ?"

"ದುಡ್ಡು ತಗೊಳ್ದೆ ಸೋಫಾ ಕೊಡ್ತೀರಿ. ಬೆಲೆನೂ ಕಡಿಮೆ ಮಾಡ್ತೀರಿ. ಮೇಲೆ ಅದೇನೋ ಪಾಯಿಂಟೂ ಕೊಡ್ತೀರಿ. ನಿಮಗೇನು ಲಾಭ ಅಂತ ಕೇಳ್ದೆ."

"ಗ್ರಾಹಕರ ಸಂತೋಷವೇ ನಮ್ಮ ಲಾಭ ಮೇಡಂ."

ಸೊಪ್ಪಿನವಳು ಬಾಡಿದ ಕಟ್ಟನ್ನು ಒಳಗಿಟ್ಟು ಮೇಲೆ ತಾಜಾ ಕಟ್ಟು ಜೋಡಿಸುವಾಗ ಅವಳನ್ನು ಹೇಗೆ ನೋಡುತ್ತಾಳೋ ಹಾಗೆ ನನ್ನ ಹೆಂಡತಿ ಆ ಹುಡುಗಿಯನ್ನು ನೋಡಿದಳು. ನಾನು ನಡುವೆ ಬಂದೆ. ನಾನೂ ವ್ಯಾಪಾರಸ್ಥ. ಇಂಥ ಗಹನವಾದ ಆರ್ಥಿಕ ವಿಚಾರಗಳನ್ನು ಹೆಂಡತಿಗೆ ಸರಳವಾಗಿ ತಿಳಿಸಿಕೊಡುವುದು ನನ್ನ ಕರ್ತವ್ಯ ಎನಿಸಿತು.

"ನೋಡೇ, ಈ ಕಾರ್ಡು ಈ ಅಂಗಡೀಲಿ ಮಾತ್ರ ನಡೆಯುತ್ತೆ."

"ಬೇರೆ ಅಂಗಡೀಲಿ?"

"ಅಲ್ಲಿ ಇದು ಬರೀ ಪ್ಲಾಸ್ಟಿಕ್ಕು. ಇದಕ್ಕೆ ಒಂದು ಮಿತಿ ಇರುತ್ತೆ. ಅಲ್ಲಿವರೆಗೂ ಖರ್ಚು ಮಾಡಬಹುದು."

"ಅಷ್ಟು ದುಡ್ಡು ಕಾರ್ಡೊಳಗೆ ಇರುತ್ತಾ?"

"ಇಲ್ಲ."

"ಮತ್ತೆ ಎಲ್ಲಿರುತ್ತೆ?"

"ಎಲ್ಲೂ ಇರಲ್ಲ."

"ಇಲ್ಲದ ದುಡ್ಡು ಖರ್ಚು ಮಾಡೋದಾ?"

"ಹೂಂ."

"ಆಮೇಲೆ ಇರೋ ದುಡ್ಡು ಕಟ್ಟೋದಾ?"

"ಹೂಂ."

"ಇದರಲ್ಲಿ ಬುದ್ಧಿ ಇಲ್ಲದವರು ಯಾರು? ನಾವಾ ಅವರಾ?"

ಹುಡುಗಿ ನೆರವಿಗೆ ಬಂದಳು. "ತಿಂಗಳು ತಿಂಗಳು ಕನಿಷ್ಠ ಇಷ್ಟು ಕಟ್ಟಿದ್ರೆ ಸಾಕು ಮೇಡಂ."

"ಸಾಕು ಅಂದ್ರೆ? ಯಾರಿಗೆ ಸಾಕು?"

ಹುಡುಗಿ ನನ್ನ ಕೈಗೆ ಅರ್ಜಿಯನ್ನೂ ಪೆನ್ನನ್ನೂ ಕೊಟ್ಟಳು. ಅದರ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಸಾಮಾನ್ಯರಿಗೆ ಅದು ಓದಲು ಬರುವುದಿಲ್ಲ. ನಾನು ಸಾಮಾನ್ಯನೇ? ಜೇಬಿನಿಂದ ಭೂತಗನ್ನಡಿ ತೆಗೆದು, ಆ ಅಂತಸ್ತಿನ ಜನರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ: "ಅವಧಿಯೊಳಗೆ ಪೂರ್ಣ ಮೊತ್ತವು ಸಂದಾಯವಾಗದಿದ್ದಲ್ಲಿ ಖರೀದಿಯ ದಿನಾಂಕದಿಂದ ಅನ್ವಯವಾಗುವ ಬಡ್ಡಿಯನ್ನು ಖಾತೆಗೆ ವಿಧಿಸಲಾಗುವುದು." ಒಂದು ಕೊಂಬು ತಪ್ಪಲಿಲ್ಲ, ಒಂದು ಒತ್ತು ಬಿಡಲಿಲ್ಲ. ಹಳದಿ ಸ್ಕಾರ್ಫಿನ ಹುಡುಗಿ ಬೆರಗಾಗಿ, "ಇದನ್ನ ಇಲ್ಲಿವರೆಗೂ ಯಾರೂ ಓದೇ ಇಲ್ಲ ಸರ್" ಎಂದಳು.

"ಹಾಗಂದ್ರೇನು?" ಎಂದಳು ಹೆಂಡತಿ.

"ಪೂರ್ತಿ ಕಟ್ಟಬೇಕು ಅಂತ. ಕಟ್ಟೋಣ, ಅದಕ್ಕೇನಂತೆ," ಎಂದು ಸಹಿ ಹಾಕಿದೆ. (ಓದುವುದಕ್ಕೆ ಕನ್ನಡಕವಿದೆ. ಅರ್ಥವಾಗುವುದಕ್ಕೂ ಒಂದು ಕನ್ನಡಕ ಬಂದರೆ ಮೊದಲನೆಯದನ್ನು ನಾನೇ ಇಟ್ಟುಕೊಳ್ಳುತ್ತೇನೆ.)

ಅಲ್ಲೇ, ಆ ಸೋಫಾದ ಮುಂದೆಯೇ, ನಮ್ಮಿಬ್ಬರ ನಡುವೆ ಐತಿಹಾಸಿಕ ಒಪ್ಪಂದವಾಯಿತು. ಹನ್ನೆರಡು ತಿಂಗಳಲ್ಲಿ ಈ ಸೋಫಾದ ಬಾಬತ್ತು ನಾನೇ ನಿಭಾಯಿಸಬೇಕು. ಬಿಲ್ಲಿನ ಬೆಲೆಗಿಂತ ಒಂದೇ ಒಂದು ನಾಣ್ಯವೂ ಹೆಚ್ಚಿಗೆ ಹೋಗದಿದ್ದರೆ ಬೀಗದ ಕೈ ನನಗೆ. ಹೋದರೆ, ಇನ್ನು ಈ ಜನ್ಮದಲ್ಲಿ ಬೀರುವಿನ ಹೆಸರೆತ್ತಬಾರದು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದಳು ಅಮ್ಮ, ಮನೆಗೆ ಬಂದ ಹೊಸ ಸೋಫಾದ ಮೇಲೆ ಕಾಲು ಚಾಚುತ್ತ. "ಪರವಾಗಿಲ್ಲ ಕಣೋ, ಇದು ಸಾಕಷ್ಟು ಉದ್ದ ಇದೆ."

ಆಮೇಲಿನ ಒಂದು ವರ್ಷ ನಾನು ನಡೆದುಕೊಂಡ ರೀತಿಯನ್ನು ನೀವು ನೋಡಬೇಕಿತ್ತು. ಕೈಖರ್ಚಿನಲ್ಲಿ ಉಳಿಸಿದೆ. ಕಟಿಂಗು ಮುಂದೂಡಿದೆ. (ಯಾರೂ ಗಮನಿಸಲಿಲ್ಲ.) ಬೀರುವಿನಿಂದ ಬಂದ ಕಂತು ಸೇರಿಸಿ ಪ್ರತಿ ತಿಂಗಳೂ ಆ ಮೂರನೆಯ ಅಂತಸ್ತಿಗೆ ಹೋಗಿ ಕಟ್ಟಿ ಬಂದೆ. ಬಿಲ್ಲು ತಯಾರಾಗುವ ತಾರೀಖು ಬೇರೆ, ಕಟ್ಟುವ ತಾರೀಖು ಬೇರೆ ಎಂದು ಗೊತ್ತಾಗಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಗೊತ್ತಾದ ಮೇಲೆ ಸುಮ್ಮನಿರಲಾದೀತೇ? ಅಂಗಡಿಗೆ ಬಂದ ಗಿರಾಕಿಗಳ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಅವರು ಏಳಲಾಗದ ಸ್ಥಿತಿಯಲ್ಲಿರುವಾಗ ಅಂಗಡಿ ಕಾರ್ಡಿನ ಮಹಿಮೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. "ಬುದ್ಧಿವಂತನಿಗೆ ಬಡ್ಡಿ ಇಲ್ಲ" ಎಂಬುದು ನನ್ನ ಸ್ವಂತ ಗಾದೆ. ಒಬ್ಬರು ಬರೆದುಕೊಂಡೂ ಹೋದರು.

ಇಲ್ಲಿ ನಮ್ಮ ಅಜ್ಜನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅಪ್ಪನ ಅಪ್ಪ. ಈಗ ಇಲ್ಲ. ಅವರ ಫೋಟೋ ಸೋಫಾದ ಮೇಲಿನ ಗೋಡೆಯಲ್ಲಿದೆ. ಅವರು ಯಾವ ಅಂಗಡಿಯ ಲೆಕ್ಕವನ್ನೂ ಪೂರ್ತಿ ಚುಕ್ತಾ ಮಾಡಿದವರಲ್ಲ. ಎಲ್ಲ ಎಣಿಸಿ ಕೊಟ್ಟು, ಕೊನೆಯ ಒಂದು ನಾಣ್ಯವನ್ನು ಮುಷ್ಟಿಯಲ್ಲೇ ಉಳಿಸಿಕೊಂಡು, "ಇರಲಿ ಬಿಡಯ್ಯ. ಲೆಕ್ಕ ಮುಗಿದರೆ ಸಂಬಂಧ ಮುಗಿದ ಹಾಗೆ" ಎನ್ನುತ್ತಿದ್ದರು. ಅವರ ಬೆರಳು ಹಿಡಿದು ಅಂಗಡಿ ಅಂಗಡಿ ಸುತ್ತುತ್ತಿದ್ದ ನನಗೆ ಆ ಮಾತು ವೇದವಾಕ್ಯ. ಎಂಥ ದೊಡ್ಡ ಮನಸ್ಸು! ಮನುಷ್ಯ ಮನುಷ್ಯರ ನಡುವೆ ಒಂದು ಎಳೆ ಉಳಿದಿರಲಿ ಎಂಬ ಎಂಥ ದೊಡ್ಡ ತತ್ವ! ನಾನೂ ಅದನ್ನೇ ನಡೆಸಿಕೊಂಡು ಬಂದಿದ್ದೇನೆ. ದರ್ಜಿಗೆ ಒಂದು ನಾಣ್ಯ ಬಾಕಿ, ಹಾಲಿನವನಿಗೆ ಒಂದು, ಪೇಪರಿನವನಿಗೆ ಒಂದು. ನನ್ನ ಅಂಗಡಿಯಲ್ಲೂ ಗಿರಾಕಿ ಕೊನೆಯ ನಾಣ್ಯಕ್ಕೆ ಜೇಬು ತಡಕಾಡಿದರೆ, "ಇರಲಿ ಬಿಡಿ, ಮತ್ತೆ ಬರ್ತೀರಲ್ಲ" ಎನ್ನುತ್ತೇನೆ. ಅವರು ಬಂದೇ ಬರುತ್ತಾರೆ. ಬಾಕಿ ಇದೆ ಎಂದು ನೆನಪಿಸಿಕೊಂಡು ಬಂದು, ಕೂತು, ನನ್ನ ದುಡ್ಡಿನ ಕಾಫಿ ಕುಡಿದು, ಆ ನಾಣ್ಯ ಕೊಡದೆ ಹೋಗುತ್ತಾರೆ. ಸಂಬಂಧ ಎಂದರೆ ಅದು.

ಕೊನೆಯ ಕಂತಿನ ದಿನ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಕಾರ್ಡಿನ ಕೌಂಟರಿನಲ್ಲಿ ಅದೇ ಹಳದಿ ಸ್ಕಾರ್ಫು. ನೋಟುಗಳನ್ನು ಎಣಿಸಿ ಇಟ್ಟೆ. ಅವಳೂ ಎಣಿಸಿದಳು.

"ಸರ್, ಒಂದು ನಾಣ್ಯ ಕಡಿಮೆ ಇದೆ."

"ಗೊತ್ತಮ್ಮ."

"ಚಿಲ್ಲರೆ ಇಲ್ವಾ ಸರ್?"

"ಯಾಕಿಲ್ಲ?" ಎಂದು ಜೇಬು ಅಲ್ಲಾಡಿಸಿ ತೋರಿಸಿದೆ. ಝಣಝಣ ಎಂದಿತು.

"ಮತ್ತೆ ಕೊಟ್ಬಿಡಿ ಸರ್."

"ಕೊಡಲ್ಲ. ಕೊಟ್ರೆ ನಮ್ಮ ನಿಮ್ಮ ಸಂಬಂಧ ಮುಗಿದುಹೋಗುತ್ತೆ."

ಹುಡುಗಿ ಸ್ಕಾರ್ಫು ಸರಿಮಾಡಿಕೊಂಡು ಅತ್ತಿತ್ತ ನೋಡಿದಳು. ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂದಕ್ಕೆ ಸರಿದು ನಿಂತಳು.

"ಸರ್, ಪೂರ್ತಿ ಕಟ್ಟೋದೇ ಒಳ್ಳೇದು. ಇವತ್ತೇ ಕಡೇ ದಿನ. ಇಲ್ಲಾಂದ್ರೆ ಸಿಸ್ಟಮ್ಮು..."

"ನಿಮ್ಮ ಸಿಸ್ಟಮ್ಮಿಗೂ ನಮ್ಮಜ್ಜನ ನಮಸ್ಕಾರ ಹೇಳಮ್ಮ," ಎಂದು ರಸೀದಿ ಕಿತ್ತುಕೊಂಡು, ತಲೆಯೆತ್ತಿ ನಡೆದುಬಂದೆ. ಆ ಹುಡುಗಿ "ಸರ್, ಸರ್" ಎಂದು ಕೂಗುತ್ತಲೇ ಇದ್ದಳು. ಬಾಂಧವ್ಯದ ಭಾವುಕತೆ ಇರಬೇಕು ಎಂದುಕೊಂಡೆ.

ಮನೆಯಲ್ಲಿ ಹೆಂಡತಿ ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಬಾಕಿ ಒಂದು ಅಂತ ತೋರಿಸ್ತಿದೆಯಲ್ರೀ?"

"ಅದು ನಮ್ಮಜ್ಜನ ಪದ್ಧತಿ ಕಣೇ. ಒಪ್ಪಂದ ಏನಿತ್ತು? ಒಂದು ನಾಣ್ಯ ಹೆಚ್ಚಿಗೆ ಹೋಗಬಾರದು ಅಂತ ತಾನೆ? ನಾನು ಒಂದು ನಾಣ್ಯ ಕಡಿಮೆಗೇ ಮುಗಿಸಿದ್ದೀನಿ!"

ಅವಳು ನನ್ನನ್ನು ನೋಡಿದಳು, ಗೋಡೆಯ ಮೇಲಿನ ಅಜ್ಜನನ್ನು ನೋಡಿದಳು, ಆಮೇಲೆ ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು. ಎಷ್ಟು ಹಗುರಾದ ಬೀಗದ ಕೈ, ಎಷ್ಟು ಭಾರವಾದ ಗೌರವ! ಅಂದಿನಿಂದ ನಾನು ಬೀರುವನ್ನು ಸುಮ್ಮಸುಮ್ಮನೆ ತೆಗೆಯುತ್ತಿದ್ದೆ, ಹಾಕುತ್ತಿದ್ದೆ. ಕೆಮ್ಮು ಬಂದರೆ ಬೀರುವಿನ ಹತ್ತಿರ ಹೋಗಿ ಕೆಮ್ಮುತ್ತಿದ್ದೆ. ಒಂದು ದಿನ ಹೆಂಡತಿ ಸೋಪು ತರಲು ದುಡ್ಡು ಕೇಳಿದಾಗ, "ಹೋದ ತಿಂಗಳು ತಾನೇ ತಂದಿದ್ದು, ಅಷ್ಟು ಬೇಗ ಎಲ್ಲಿ ಕರಗಿತು?" ಎಂದೆ. ಆ ಸುಖವನ್ನು ಬಾಯಲ್ಲಿ ಹೇಳಲಾರೆ.

ನನ್ನ ಸಾಮ್ರಾಜ್ಯ ಮೂರು ವಾರ ಬಾಳಿತು.

ಕಾರ್ಡಿನ ಅರ್ಜಿಯಲ್ಲಿ ನಾನು ಅಂಗಡಿಯ ವಿಳಾಸ ಕೊಟ್ಟಿದ್ದೆ. ಲಕೋಟೆ ಅಲ್ಲಿಗೇ ಬಂತು. ಒಡೆದು ನೋಡಿದೆ. ಬೇರೆ ಯಾರದೋ ಬಿಲ್ಲು ಎಂದುಕೊಂಡೆ. ಹೆಸರು ನೋಡಿದೆ, ನನ್ನದೇ. ಭೂತಗನ್ನಡಿ ಹಿಡಿದೆ. ಅಂಕಿ ಇನ್ನೂ ದೊಡ್ಡದಾಗಿ ಕಂಡಿತು. ಸೋಫಾದ ಬೆಲೆಯ ಆರನೆಯ ಒಂದು ಪಾಲು ಬಡ್ಡಿ! ಮೂವರು ಕೂರುವ ಸೋಫಾದಲ್ಲಿ ಅರ್ಧ ಸೀಟು! ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಮೂಗು ಬರೀ ಒಂದು ನಾಣ್ಯ. ಕುರ್ಚಿಯಲ್ಲಿ ಕೂತಿದ್ದ ಗಿರಾಕಿ, "ಕೆಳಗಿನ ಸಾಲು ಮಸುಕಾಗಿದೆ" ಎಂದರು. "ನನಗೂ" ಎಂದೆ.

ಮಧ್ಯಾಹ್ನವೇ ಅಂಗಡಿ ಮುಚ್ಚಿ ಮೂರನೆಯ ಅಂತಸ್ತಿಗೆ ಓಡಿದೆ.

"ಬಡ್ಡಿ ಇಲ್ಲ ಅಂದಿದ್ರಲ್ಲಮ್ಮ?"

"ಪೂರ್ತಿ ಕಟ್ಟಿದ್ರೆ ಇಲ್ಲ ಸರ್. ನಿಮ್ದು ಒಂದು ನಾಣ್ಯ ಉಳಿದಿತ್ತು. ನಾನು ಕೂಗ್ದೆ ಸರ್."

"ಹಾಗಾದ್ರೆ ಆ ಒಂದು ನಾಣ್ಯಕ್ಕೆ ಬಡ್ಡಿ ಹಾಕಿ, ಬೇಡ ಅಂದೋರ್ಯಾರು?"

"ಹಾಗಲ್ಲ ಸರ್. ಬಡ್ಡಿ ಮೊದಲ್ನೇ ದಿನದಿಂದಲೂ ಬೆಳೀತಾನೇ ಇತ್ತು. ನಾವು ಕೇಳ್ತಿರ್ಲಿಲ್ಲ ಅಷ್ಟೆ. ಹನ್ನೆರಡು ತಿಂಗಳೊಳಗೆ ಪೂರ್ತಿ ತೀರಿಸಿದ್ರೆ ಅದನ್ನ ಅಳಿಸಿಬಿಡ್ತೀವಿ. ಚೂರು ಉಳಿದ್ರೂ ಹಿಂದಿನದ್ದೆಲ್ಲಾ ಒಟ್ಟಿಗೆ ಸೇರಿಸ್ತೀವಿ."

"ಅಂದ್ರೆ ಬಡ್ಡಿ ಇತ್ತು."

"ಇತ್ತು ಸರ್."

"ಆದ್ರೆ ಇರ್ಲಿಲ್ಲ."

"ಇರ್ಲಿಲ್ಲ ಸರ್."

"ಈಗ ಇದೆ."

"ಈಗ ಇದೆ ಸರ್."

ಒಂದು ವರ್ಷ ನಾವು ಆ ಸೋಫಾದ ಮೇಲೆ ಕೂತು ನಗುತ್ತಿದ್ದಾಗ ಈ ಬಡ್ಡಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಕಾಯುತ್ತ ಕೂತಿತ್ತು. ನಾನೇ ಅಜ್ಜನ ಹೆಸರು ಹೇಳಿ ಬಾಗಿಲು ತೆಗೆದು ಒಳಗೆ ಕರೆದಿದ್ದೆ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು.

"ಈಗ ತಗೋಮ್ಮ ಆ ನಾಣ್ಯ. ಎರಡು ಬೇಕಾದ್ರೂ ತಗೋ."

"ಅವಧಿ ಮುಗೀತು ಸರ್. ಈಗ ಬಡ್ಡಿ ಸೇರಿಸಿಯೇ ಕಟ್ಬೇಕು. ತಡವಾದ್ರೆ ಬಡ್ಡಿಗೂ ಬಡ್ಡಿ ಬರುತ್ತೆ, ದಂಡ ಬೇರೆ." ಹುಡುಗಿ ಮರುಕದಿಂದ ಕಂಪ್ಯೂಟರು ನೋಡಿದಳು. "ಆದ್ರೆ ನಿಮ್ಮ ಪಾಯಿಂಟ್ಸ್ ಸೇರಿದೆ ಸರ್! ಒಂದು ಜೊತೆ ಕಾಲುಚೀಲ ಬರುತ್ತೆ. ಕೊಡ್ಲಾ?"

ತೆಗೆದುಕೊಂಡೆ. ಅದನ್ನಾದರೂ ಯಾಕೆ ಬಿಡಬೇಕು?

ಸಂಜೆ ಮನೆಗೆ ಹೋದವನಿಗೆ ಸೋಫಾದ ಮೇಲೆ ಕೂರಲು ಮನಸ್ಸಾಗಲಿಲ್ಲ. ಯಾವ ಅರ್ಧ ಸೀಟು ಬಡ್ಡಿಯದೋ ಯಾರಿಗೆ ಗೊತ್ತು? ನೆಲದ ಮೇಲೆ ಗೋಡೆಗೊರಗಿ ಕೂತು ಕಾಲು ಚಾಚಿದೆ. ಬೀರುವಿನ ಕಡೆ ಹೋಗಲಿಲ್ಲ. ಕೆಮ್ಮು ಬಂದರೂ ಕೂತಲ್ಲೇ ಕೆಮ್ಮಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಯಾಕ್ರೀ ನೆಲದ ಮೇಲೆ?"

"ಬೆನ್ನಿಗೆ ಒಳ್ಳೇದು."

"ಈ ಕಾಲುಚೀಲ ಎಲ್ಲಿಂದ ಬಂತು?"

"ಎಲ್ಲಿಂದಲೋ ಬಂತು."

"ಬೀರುನಿಂದ ದುಡ್ಡು ತೆಗೆದು ಕಾಲುಚೀಲ ತಂದ್ರಾ?"

"ಇಲ್ಲ ಕಣೇ. ಪುಕ್ಕಟೆ ಕೊಟ್ರು."

"ಪುಕ್ಕಟೆ ಯಾರು ಕೊಟ್ರು? ಯಾಕೆ ಕೊಟ್ರು?"

ಅದೇ "ಯಾಕೆ?". ಮೊದಲ ದಿನ ಆ ಹುಡುಗಿಯನ್ನು ಕೇಳಿದ್ದ ಅದೇ ಧಾಟಿ. ನಾನು ತಡೆಯಲಾರದೆ ಎಲ್ಲವನ್ನೂ ಕಕ್ಕಿಬಿಟ್ಟೆ: ಬಾಕಿ, ಅವಧಿ, ಇದ್ದೂ ಇಲ್ಲದ ಬಡ್ಡಿ, ಇಲ್ಲದೆಯೂ ಇದ್ದ ಬಡ್ಡಿ. ಕೊನೆಗೆ ಗೋಡೆಯ ಕಡೆ ಕೈ ತೋರಿಸಿ, "ಅಜ್ಜನ ಕಾಲವೇ ಬೇರೆ ಇತ್ತು. ಆಗ ಅಂಗಡಿಯವರಿಗೆ ಸಂಬಂಧದ ಬೆಲೆ ಗೊತ್ತಿತ್ತು" ಎಂದೆ.

ಸೋಫಾದ ಮೇಲೆ ಬತ್ತಿ ಹೊಸೆಯುವವಳ ಹಾಗೆ ಸೆರಗಿನ ಅಂಚು ಹೊಸೆಯುತ್ತ ಕೂತಿದ್ದ ಅಮ್ಮ ತಲೆಯೆತ್ತಿದಳು. "ಯಾವ ಸಂಬಂಧವೋ?"

"ಅದೇ ಅಮ್ಮಾ. ಒಂದು ನಾಣ್ಯ ಉಳಿಸಿ, ಲೆಕ್ಕ ಮುಗಿದರೆ ಸಂಬಂಧ ಮುಗಿದ ಹಾಗೆ ಅಂತಿದ್ರಲ್ಲ ಅಜ್ಜ."

"ಅಯ್ಯೋ, ಅದಾ! ನಮ್ಮ ಮಾವನೋರು ಮಹಾ ಜುಗ್ಗರು ಕಣೋ. ಕೊನೇ ನಾಣ್ಯ ಅವ್ರ ಕೈಯಿಂದ ಬಿಡಿಸೋಕೆ ಆ ದೇವರಿಂದಲೂ ಆಗ್ತಿರ್ಲಿಲ್ಲ. ಮೂರು ಅಂಗಡಿಯೋರು ಇನ್ನು ನಮ್ಮ ಕಡೆ ಬರಬೇಡಿ ಅಂದಿದ್ರು. ಆ ಬೀದೀಲಿ ಹೋಗೋಕೆ ನಾಚಿಕೆಯಾಗಿ ನಾನು ಸುತ್ತು ಹಾಕ್ಕೊಂಡು ಹೋಗ್ತಿದ್ದೆ."

"ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲೋ."

ಗೋಡೆಯ ಮೇಲೆ ಅಜ್ಜ ಮುಷ್ಟಿ ಕಟ್ಟಿಕೊಂಡು ಕೂತಿದ್ದರು. ಆ ಫೋಟೋದಲ್ಲಿ ಅವರ ಮುಷ್ಟಿ ಅಷ್ಟು ಬಿಗಿಯಾಗಿರುವುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಹೆಂಡತಿ ಕೈ ಚಾಚಿದಳು. ನಾನು ಬೀಗದ ಕೈ ಕೊಟ್ಟೆ.

ಮರುದಿನ ಅವಳು ಒಂದು ಕೊಡೆ ಹಿಡಿದುಕೊಂಡು (ನನ್ನ ಮೂವತ್ತೊಂದರಲ್ಲಿ ಒಂದು) ನನ್ನನ್ನೂ ಹೊರಡಿಸಿಕೊಂಡು ದೊಡ್ಡ ಅಂಗಡಿಗೆ ಹೋದಳು. ಕೌಂಟರಿನ ಮೇಲೆ ಟಪ್ಪೆಂದು ಒಂದು ನಾಣ್ಯ ಇಟ್ಟು, "ಇದು ನಮ್ಮ ಬಾಕಿ. ಉಳಿದದ್ದು ನಿಮ್ಮ ಕಲ್ಪನೆ" ಎಂದಳು. ಹಳದಿ ಸ್ಕಾರ್ಫು ಮ್ಯಾನೇಜರನ್ನು ಕರೆದಳು. ಟೈ ಕಟ್ಟಿದ ಮ್ಯಾನೇಜರು ಬಂದು, ನಿಯಮ ನಿಯಮವೇ, ಸಹಿ ಮಾಡಿದ್ದು ಯಜಮಾನರೇ, ಅದೂ ಗಟ್ಟಿಯಾಗಿ ಓದಿ ಸಹಿ ಮಾಡಿದ್ದಾರಂತೆ, ಎಂದರು.

"ಹೌದು, ಓದಿದ್ದಾರೆ," ಎಂದಳು. "ಸರಿ, ಸ್ವಲ್ಪ ಕೂತು ಯೋಚನೆ ಮಾಡ್ತೀನಿ. ಕೂರಬಹುದಲ್ಲ?"

"ಧಾರಾಳವಾಗಿ ಮೇಡಂ."

ಅವಳು ಹೋಗಿ ಪ್ರದರ್ಶನಕ್ಕಿಟ್ಟ ಹಸಿರು ಸೋಫಾದ ನಟ್ಟನಡುವೆ, "ಹನ್ನೆರಡು ತಿಂಗಳು ಬಡ್ಡಿ ಇಲ್ಲ" ಎಂಬ ಫಲಕದ ಕೆಳಗೆ ಕೂತಳು. ನಾನು ಕಂಬದ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು.

"ಸೋಫಾ ಚೆನ್ನಾಗಿದೆಯಾ ಅಕ್ಕಾ?" ಎಂದಳು ಮದುಮಗಳು.

"ತುಂಬಾ ಚೆನ್ನಾಗಿದೆ ಕಣಮ್ಮ. ನಮ್ಮನೇಲೂ ಇದೇ ಇರೋದು. ಕಾರ್ಡಲ್ಲಿ ತಗೊಳ್ತೀರಾ? ತಗೊಳ್ಳಿ, ಅನುಕೂಲ. ಆದ್ರೆ ಬಡ್ಡಿ ಇಲ್ಲ ಅಂತಿಲ್ಲ, ಅಡಗಿ ಕೂತಿರುತ್ತೆ. ಕಡೇ ನಾಣ್ಯದವರೆಗೂ ತೀರಿಸಿದ್ರೆ ಎದ್ದು ಹೋಗುತ್ತೆ. ಒಂದೇ ಒಂದು ಉಳಿಸಿದ್ರೂ ಇಡೀ ವರ್ಷದ್ದು ಒಟ್ಟಿಗೆ ಬಂದು ಬೀಳುತ್ತೆ. ಅಗೋ, ಆ ಕಂಬದ ಹತ್ರ ನಿಂತಿದ್ದಾರಲ್ಲ, ಅವ್ರು ಉಳಿಸಿದ್ರು."

ಮದುಮಗಳು ನನ್ನನ್ನು ನೋಡಿದಳು. ಮದುಮಗ ನನ್ನನ್ನು ನೋಡಿದ. ಇಬ್ಬರೂ ಮೆಲ್ಲನೆ ಮೆಟ್ಟಿಲಿಳಿದರು. ಅವರ ಹಿಂದೆ ಬಂದ ದಂಪತಿಗೂ ಅದೇ ಪಾಠ, ಅದೇ ಉದಾಹರಣೆ. ಮಕ್ಕಳಿದ್ದವರು ಮಕ್ಕಳಿಗೆ ನನ್ನನ್ನು ಬೆರಳು ಮಾಡಿ ತೋರಿಸಿದರು. ಒಬ್ಬರು ಹೋದ ವಾರವಷ್ಟೇ ನನ್ನಲ್ಲಿ ಕನ್ನಡಕ ಮಾಡಿಸಿಕೊಂಡವರು. ಅವರು ನನ್ನನ್ನು ಬಹಳ ಸ್ಪಷ್ಟವಾಗಿ ನೋಡಿದರು. "ಬುದ್ಧಿವಂತನಿಗೆ ಬಡ್ಡಿ ಇಲ್ಲ" ಎಂದು ಬರೆದುಕೊಂಡು ಹೋಗಿದ್ದವರು ಅವರೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರೆ. ನನಗೆ ಆನೆಯನ್ನು ಕೊಡುವವರೂ ಇರಲಿಲ್ಲ.

ನನ್ನ ಹೆಂಡತಿ ಒಂದೇ ಒಂದು ಸುಳ್ಳು ಹೇಳಲಿಲ್ಲ. ದನಿ ಎತ್ತರಿಸಲಿಲ್ಲ. ಆಗಲೇ ಕಾರ್ಡು ಇದ್ದವರು ಕೆಲವರು ಸುತ್ತ ಕೂತು ತಮ್ಮ ತಮ್ಮ ಬಿಲ್ಲು ತೋರಿಸತೊಡಗಿದರು. "ಇದು ಕನಿಷ್ಠ ಮೊತ್ತ. ಇದನ್ನೇ ಕಟ್ಟುತ್ತಾ ಹೋದ್ರೆ ಅವಧಿ ಮುಗಿದಾಗ ಇಷ್ಟು ಉಳಿದಿರುತ್ತೆ. ಅದಕ್ಕೇ ಪೂರ್ತಿಯನ್ನ ತಿಂಗಳಿಗೆ ಭಾಗ ಮಾಡ್ಕೊಂಡು ಕಟ್ಟಿ," ಎಂದು ಅವಳು ವಿವರಿಸುತ್ತಿದ್ದಳು. ಹಿಂದಿನ ಸಂಜೆ ನಾನು ಅಳುತ್ತಾ ಹೇಳಿದ್ದನ್ನು ಕೇಳಿಯೇ ಅವಳಿಗೆ ಇಷ್ಟೆಲ್ಲ ಅರ್ಥವಾಗಿತ್ತು. ಹೇಳಿದ ನನಗೆ ಇನ್ನೂ ಆಗಿರಲಿಲ್ಲ. ನಾನೂ ಕಂಬ ಬಿಟ್ಟು ಹತ್ತಿರ ಹೋಗಿ ಕೇಳೋಣ ಎಂದುಕೊಂಡೆ. "ನೀವು ಅಲ್ಲೇ ನಿಂತಿರಿ, ಕಾಣಬೇಕು," ಎಂದಳು.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ ಟೈ ಸಡಿಲವಾಗಿತ್ತು. ಅಷ್ಟು ಹೊತ್ತಾದರೂ ಒಂದು ಸೋಫಾವೂ ಮಾರಾಟವಾಗಿರಲಿಲ್ಲ. ಕೊನೆಗೆ ಬಂದು ಕೈಮುಗಿದು, ಒಂದು ಸಲದ ಮಟ್ಟಿಗೆ, ಕೇವಲ ಸೌಜನ್ಯಕ್ಕಾಗಿ, ಬಡ್ಡಿ ಮನ್ನಾ ಮಾಡಿದ್ದೇವೆ ಎಂದರು. ಹೆಂಡತಿ ಅದನ್ನು ಬರಹದಲ್ಲಿ ತೆಗೆದುಕೊಂಡಳು. ಹೊರಗೆ ಬಿಸಿಲು ಜೋರಾಗಿತ್ತು. ಮ್ಯಾನೇಜರಿಗೆ ಕೊಡೆಯನ್ನು ಕೊಟ್ಟು, "ಇಟ್ಕೊಳ್ಳಿ, ನಮ್ಮನೇಲಿ ಬೇಕಾದಷ್ಟಿದೆ" ಎಂದಳು.

ಬಸ್ಸಿನಲ್ಲಿ ನಾನು ಧೈರ್ಯ ಮಾಡಿ ಕೇಳಿದೆ. "ನೋಡು, ಕೊನೆಗೆ ಒಂದು ನಾಣ್ಯ ಹೆಚ್ಚಿಗೆ ಹೋಗ್ಲಿಲ್ಲವಲ್ಲ. ಒಪ್ಪಂದದ ಪ್ರಕಾರ ಬೀಗದ ಕೈ..."

"ಬಾಬತ್ತು ನಿಭಾಯಿಸಿದ್ದು ಯಾರು?"

ನಾನು ಕಿಟಕಿಯ ಹೊರಗೆ ನೋಡಿದೆ.

"ಆ ಕಾರ್ಡನ್ನಾದ್ರೂ ಕತ್ತರಿಸಿ ಬಿಸಾಡೋಣ ಕಣೇ. ಅದರ ಸಹವಾಸವೇ ಬೇಡ."

"ಕಾರ್ಡಲ್ಲೇನು ತಪ್ಪಿದೆ? ಇಟ್ಕೊಂಡೋರನ್ನ ನೋಡ್ಕೋಬೇಕು," ಎಂದು ಅದನ್ನೂ ತೆಗೆದುಕೊಂಡಳು. ಈಗ ಬೀರುವಿನಲ್ಲಿ ಕಾರ್ಡಿದೆ, ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿದೆ. ಮೊನ್ನೆ ಅದೇ ಕಾರ್ಡಿನಲ್ಲಿ ಬಟ್ಟೆ ಒಗೆಯುವ ಯಂತ್ರ ಬಂತು. ಅವಧಿಗೆ ಎರಡು ತಿಂಗಳು ಮುಂಚೆಯೇ ಪೂರ್ತಿ ತೀರುವ ಹಾಗೆ ಅವಳು ಕಂತು ಗೊತ್ತುಮಾಡಿದ್ದಾಳೆ. ಹಳದಿ ಸ್ಕಾರ್ಫಿನ ಹುಡುಗಿ ನಮ್ಮನ್ನು ಕಂಡರೆ ಎದ್ದು ನಿಲ್ಲುತ್ತಾಳೆ. ನಮ್ಮನ್ನು ಎಂದರೆ, ನನ್ನ ಹೆಂಡತಿಯನ್ನು.

ಈ ತಿಂಗಳ ಒಂದನೇ ತಾರೀಖು ನಾನು ಎಂದಿನಂತೆ ಕೈಖರ್ಚಿಗೆ ಕೈಯೊಡ್ಡಿ ನಿಂತೆ. ಅವಳು ಬೀರು ತೆಗೆದು, ಎಣಿಸಿ ಕೊಟ್ಟಳು. ನಾನೂ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

"ಏನೇ ಇದು, ಒಂದು ನಾಣ್ಯ ಕಡಿಮೆ ಇದೆಯಲ್ಲ?"

"ಇರಲಿ ಬಿಡ್ರೀ," ಎಂದು ಅವಳು ಬೀರುವಿಗೆ ಬೀಗ ಹಾಕಿದಳು. "ಲೆಕ್ಕ ಮುಗಿದ್ರೆ ಸಂಬಂಧ ಮುಗಿದ ಹಾಗಲ್ವಾ?"

ಸೋಫಾದ ಮೇಲಿಂದ ಅಮ್ಮ ಕಿಸಕ್ಕೆಂದು ನಕ್ಕಳು. ನನಗೂ ರೋಷ ಬಂತು. ಚೂರು ಉಳಿಸಿಕೊಂಡರೆ ಮೊದಲ ದಿನದಿಂದ ಬಡ್ಡಿ ಕೊಡಬೇಕು ಎಂಬ ನಿಯಮ ಇವಳಿಗೂ ಅನ್ವಯವಾಗಬೇಕಲ್ಲ ಎಂದುಕೊಂಡು, ಮದುವೆಯಾದ ದಿನದಿಂದ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಯಾರು ಯಾರಿಗೆ ಎಷ್ಟು ಬಾಕಿ, ಯಾರು ಏನೇನು ಕೇಳದೆ ಬಿಟ್ಟಿದ್ದಾರೆ ಎಂದು ನೋಡುತ್ತಾ ಕೊಡೆಗಳ ವರ್ಷದವರೆಗೆ ಬಂದೆ. ಅಲ್ಲಿಗೆ ನಿಲ್ಲಿಸಿ, ಕೊಟ್ಟಷ್ಟನ್ನು ಜೇಬಿಗೆ ಹಾಕಿಕೊಂಡು ಕಟಿಂಗಿಗೆ ಹೊರಟೆ.